ನೋವಿಗೆ ಸೊನ್ನೆ ಮಾರ್ಕ್ಸು

ಕಳೆದ ತಿಂಗಳು ನಾಲ್ಕು ಜನ ನರ್ಸ್‌ಗಳು ಸೇರಿ ನಮ್ಮ ಮನೆಯ ಮಗುವಿಗೆ ಮಾರ್ಕ್ಸ್ ಹಾಕಿದರು. ನಾಲ್ವರೂ ಹಾಕಿದ್ದು ಸೊನ್ನೆ. ಆಗ ನಮ್ಮಕ್ಕನ ಮುಖ ನೀವು ನೋಡಬೇಕಿತ್ತು. ಜಿಲ್ಲೆಗೇ ಫಸ್ಟ್ ಬಂದ ಹುಡುಗಿಯ ಅಜ್ಜಿಯ ಹಾಗೆ ಅರಳಿ ಹೋಗಿತ್ತು!

ಸೊನ್ನೆಗೆ ಇಷ್ಟೊಂದು ಸಂಭ್ರಮವೇ ಅಂತೀರಾ? ಆ ಪರೀಕ್ಷೆಯೇ ಹಾಗೆ ಸ್ವಾಮಿ. ಅದು ನೋವಿನ ಪರೀಕ್ಷೆ. ಹತ್ತು ಬಂದರೆ ಜೀವ ಹಿಂಡುವ ನೋವು, ಸೊನ್ನೆ ಬಂದರೆ ನೋವೇ ಇಲ್ಲ. ನಮ್ಮ ಮಗುವಿಗೆ ನೋವೇ ಇಲ್ಲವಂತೆ. ಹೊಟ್ಟೆ ಕೊಯ್ದು, ತೊಳೆದು, ಹೊಲಿದು ಮಲಗಿಸಿದ ನಾಲ್ಕು ವರ್ಷದ ಮಗುವಿಗೆ!

ಮೊದಲಿನಿಂದ ಹೇಳುತ್ತೇನೆ. ನಮ್ಮಕ್ಕ ಜಯಮ್ಮ ಇರುವುದು ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನಲ್ಲಿ. ನಾನು ಪಾಂಡವಪುರದಲ್ಲಿ. ಆಕೆಯದು ಎಂಥ ಗಂಟಲೆಂದರೆ, ಫೋನ್ ಇಲ್ಲದಿದ್ದರೂ ನನಗೆ ಕೇಳಿಸೀತು. ಅಕ್ಕನ ಮೊಮ್ಮಗಳು ಮನ್ವಿ ಒಂದು ಬೆಳಗ್ಗೆ ಹೊಟ್ಟೆನೋವು ಅಂದಳು. ಅಜ್ಜಿ ದೃಷ್ಟಿ ತೆಗೆದಳು, ಓಮದ ನೀರು ಕುಡಿಸಿದಳು. ನೋವು ಇಳಿಯಿತು. (ಇಳಿದದ್ದೇ ಅಪಾಯವಾಗಿತ್ತು ಅಂತ ಆಮೇಲೆ ಡಾಕ್ಟರು ಹೇಳಿದರು. ಅಪೆಂಡಿಕ್ಸ್ ಒಡೆದಾಗ ಸ್ವಲ್ಪ ಹೊತ್ತು ಹಾಗೆ ಆರಾಮಾದಂತೆ ಕಾಣುವುದುಂಟಂತೆ.) ಸಂಜೆಗೆ ಮೈ ಸುಡುತ್ತಿತ್ತು, ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಆಸ್ಪತ್ರೆಗೆ ಒಯ್ದರೆ, ಒಳಗೆಲ್ಲ ಕೀವು. ಕೂಡಲೇ ಆಪರೇಷನ್. ಆಪರೇಷನ್ ಆದ ಮೇಲೂ ಮಗುವಿಗೆ ತಾನಾಗಿ ಉಸಿರಾಡುವ ಶಕ್ತಿಯಿರಲಿಲ್ಲ. ಬಾಯೊಳಗೆ ಪೈಪು ಇಳಿಸಿ, ಮಿಷನ್ನಿನಿಂದ ಉಸಿರು ಕೊಟ್ಟರು.

ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ನಮ್ಮ ಮಗುವನ್ನು ಉಳಿಸಿದವರನ್ನು ಬೈಯುವ ಮನಸ್ಸು ನನಗಿಲ್ಲ. ಹೊಗಳಿದರೆ ಜಾಹೀರಾತು ಬರೆದಳು ಅಂತ ನೀವೇ ಅಂತೀರಿ.

ಮಕ್ಕಳ ಐಸಿಯು ಒಳಗೆ ಒಬ್ಬರಿಗೆ ಮಾತ್ರ ಪ್ರವೇಶ. ಮನ್ವಿಯ ಅಮ್ಮ ಲತಾಳ ಕಂಕುಳಲ್ಲಿ ಹಸುಗೂಸು. ಹಾಗಾಗಿ ಒಳಗೆ ನಮ್ಮಕ್ಕ, ಹೊರಗೆ ಗಾಜಿನ ಗೋಡೆಯ ಪಕ್ಕದ ಬೆಂಚಿನಲ್ಲಿ ನಾನು. ಒಳಗಿನದು ಅಲ್ಲಿಂದಲೇ ಕಾಣುತ್ತಿತ್ತು, ಬಾಗಿಲು ತೆರೆದಿದ್ದರೆ ಕೇಳಿಸುತ್ತಲೂ ಇತ್ತು. ಅಕ್ಕ ಕಾಫಿಗೆ ಎದ್ದರೆ ನಾನು ಒಳಕ್ಕೆ.

ಪೈಪು ತೆಗೆದರು. ಎಲ್ಲರೂ ಉಸ್ಸಪ್ಪಾ ಅಂದೆವು. ಆದರೆ ಡಾಕ್ಟರ ಹುಬ್ಬು ಮಾತ್ರ ಇಳಿಯಲಿಲ್ಲ. ಮಗು ಉಸಿರನ್ನು ಮೇಲೆ ಮೇಲೆ, ಕದ್ದು ಕದ್ದು ತೆಗೆದುಕೊಳ್ಳುತ್ತಿತ್ತು. ಕೆಮ್ಮು ಅಂದರೆ ಕೆಮ್ಮುವುದಿಲ್ಲ. ಜೋರಾಗಿ ಉಸಿರೆಳೆದುಕೋ ಅಂದರೆ ತುಟಿ ಬಿಗಿ. "ಹೀಗೇ ಇದ್ರೆ ಎದೆಯಲ್ಲಿ ಕಫ ಕಟ್ಟುತ್ತೆ. ಮತ್ತೆ ಮಿಷನ್ನಿಗೆ ಹಾಕ್ಬೇಕಾಗಬಹುದು," ಅಂದರು ಡಾಕ್ಟರು.

ನೋವಿರಬಹುದೇ? ನರ್ಸ್‌ಗಳು ಅದನ್ನು ಕೇಳದೆ ಇರಲಿಲ್ಲ. ಬಂದಾಗಲೆಲ್ಲ "ನೋವಿದೆಯಾ ಪುಟ್ಟಾ?" ಅಂತ ಬಗ್ಗಿ ಕೇಳುತ್ತಿದ್ದರು. ಮನ್ವಿ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಅಳು ಇಲ್ಲ, ಕೊಸರಾಟ ಇಲ್ಲ. ನೋವಿಲ್ಲ ಅಂದ ಮೇಲೆ ಜೋರಿನ ನೋವಿನ ಔಷಧಿ ಯಾಕೆ? ಹೊತ್ತಿಗೆ ಕೊಡುವ ಮಾಮೂಲಿ ಔಷಧಿಯಲ್ಲೇ ನಡೆಯುತ್ತಿತ್ತು.

ಅಕ್ಕನಿಗೋ, ಹೆಮ್ಮೆಯೋ ಹೆಮ್ಮೆ. ಅಕ್ಕಪಕ್ಕದ ಹಾಸಿಗೆಗಳ ತಾಯಂದಿರಿಗೆಲ್ಲ ಹೇಳಿದ್ದೇ ಹೇಳಿದ್ದು. "ನಮ್ ಮಗ ಒಂದ್ ಕಿತನೂ ಅಳ್ನಿಲ್ಲ ಕನವ್ವ. ಅಂಥಾ ಆಪರೇಸನ್ ಆಗದೆ, ತುಟಿಕ್ ಪಿಟಿಕ್ ಅಂದಿಲ್ಲ. ಬಲು ಜಾಣೆ." (ನಮ್ಮ ಕಡೆ ಹೆಣ್ಣುಮಗುವೂ 'ಮಗ'ವೇ. ತಿದ್ದಲು ಬರಬೇಡಿ.)

ಇಂಥ ಹೊತ್ತಿನಲ್ಲಿ ಬಂದವರು ಶಮೀಮ್ ಸಿಸ್ಟರ್.

ನಾಗಮಂಗಲದವರು. ದೊಡ್ಡ ದೊಡ್ಡ ಊರುಗಳ ಮಕ್ಕಳ ಐಸಿಯುಗಳಲ್ಲಿ ಕೆಲಸ ಮಾಡಿ, ಈಗ ನರ್ಸ್‌ಗಳಿಗೆ ಟ್ರೇನಿಂಗ್ ಕೊಡುತ್ತಾ ತಿರುಗುತ್ತಾರೆ. ಪಾಠ ಒಂದೇ. ಆಪರೇಷನ್ ಆದ, ಬಾಯಿಬಿಟ್ಟು ಹೇಳಲಾಗದ ಮಕ್ಕಳಿಗೆ ಎಷ್ಟು ನೋವಿದೆ ಅಂತ ಕಂಡುಹಿಡಿಯುವುದು ಹೇಗೆ? ಪಾಠ ನಡೆಯುವುದೂ ಹಾಸಿಗೆಯ ಪಕ್ಕದಲ್ಲೇ. "ಕ್ಲಾಸ್ ರೂಮಲ್ಲಿ ಬೊಂಬೆ ಇಟ್ಟು ಕಲಿಸಬಹುದು. ಆದ್ರೆ ಬೊಂಬೆಗೆ ನೋವಾಗಲ್ವಲ್ಲ," ಅಂದರು. ಆಗಲೇ ನನಗೆ ಈ ಹೆಂಗಸು ಇಷ್ಟವಾಗಿಬಿಟ್ಟರು.

ಮಗುವಿನ ಮುಖ ನೋಡಬೇಕು, ಕಾಲು ನೋಡಬೇಕು, ಮೈ ಬಿಗಿದಿದೆಯೋ ಸಡಿಲವಾಗಿದೆಯೋ ನೋಡಬೇಕು, ಅಳು ಕೇಳಬೇಕು, ಸಮಾಧಾನ ಮಾಡಿದರೆ ಸುಮ್ಮನಾಗುತ್ತದೆಯೇ ಗಮನಿಸಬೇಕು. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಮಾರ್ಕ್ಸು. ನಾಲ್ವರು ನರ್ಸ್‌ಗಳನ್ನು ಮನ್ವಿಯ ಮುಂದೆ ನಿಲ್ಲಿಸಿ, ಹಾಕಿ ಅಂದರು. ಸೊನ್ನೆ ಬಂತು. ಅಕ್ಕ ಅರಳಿದಳು.

"ಹೊಟ್ಟೆ ತುಂಬಾ ಹೊಲಿಗೆ. ನೋವು ಸೊನ್ನೆ. ಯಾರಿಗೂ ಅನುಮಾನ ಬರ್ಲಿಲ್ವಾ?" ಅಂದರು ಶಮೀಮ್ ಸಿಸ್ಟರ್.

ಕೀರ್ತನಾ ಅಂತ ಕೆ.ಆರ್. ಪೇಟೆ ಕಡೆಯ ಚಿಕ್ಕ ವಯಸ್ಸಿನ ನರ್ಸ್ ಒಬ್ಬಳು ಮೆಲ್ಲಗೆ ಹೇಳಿದಳು. "ಪಲ್ಸ್ ಜಾಸ್ತಿ ಇದೆ ಮೇಡಂ. ಜ್ವರಕ್ಕೇನೋ ಅಂದ್ಕೊಂಡ್ವಿ."

ಸಿಸ್ಟರ್ ಅಕ್ಕನ ಕಡೆ ತಿರುಗಿದರು. ಮಗುವಿನ ಗುಣ ಮನೆಯವರಿಗೆ ಗೊತ್ತಿರುವಷ್ಟು ಯಾವ ಸ್ಕೋರಿಗೂ ಗೊತ್ತಿರುವುದಿಲ್ಲ, ಅವರನ್ನು ಕೇಳಲೇಬೇಕು, ಇದೂ ಪಾಠದ ಭಾಗವಂತೆ. "ಅಮ್ಮಾ, ಮನೇಲಿ ಬಿದ್ದು ಏಟು ಮಾಡ್ಕೊಂಡ್ರೆ ಇವಳು ಹೆಂಗೆ?"

"ಮನೇಲಾ? ಅಯ್ಯೋ ಬುಡಿ ಸಿಸ್ಟ್ರೇ! ಮುಳ್ ಚುಚ್ಕಂಡ್ರೂ ಬೀದಿ ಒಂದ್ ಮಾಡ್ತಾಳೆ. ಇಲ್ಲಿಗ್ ಬಂದ್ಮೇಲೇ ನೋಡಿ ಇಂಗೆ ಜಾಣೆ ಆಗಿರಾದು."

"ಇಲ್ಲಿಗೆ ಬಂದ ಮೇಲೆ," ಅಂದರು ಸಿಸ್ಟರ್. ಅಷ್ಟೇ. ಮತ್ತೇನೂ ಕೇಳಲಿಲ್ಲ. ನರ್ಸ್‌ಗಳನ್ನು ಕರೆದುಕೊಂಡು ಹೊರಗೆ ಬಂದರು. ಗಾಜಿನ ಗೋಡೆಯ ಈಚೆ, ಕರ್ಟನ್ ಮರೆಯಲ್ಲಿ ನಿಲ್ಲಿಸಿದರು. ನಾನು ಕೂತಿದ್ದ ಬೆಂಚು ಅಲ್ಲೇ ಇತ್ತು. ನಾನೂ ಎದ್ದು ಇಣುಕಿದೆ. (ಬಿಟ್ಟಿ ಪಾಠ ಯಾರು ಬಿಡ್ತಾರೆ?)

ನರ್ಸ್‌ಗಳು ಮರೆಯಾದದ್ದನ್ನು ಮನ್ವಿ ಕಣ್ಣಲ್ಲೇ ಹುಡುಕಿ ಖಾತ್ರಿ ಮಾಡಿಕೊಂಡಳು. ಆಮೇಲೆ ಆ ಕಲ್ಲಿನಂಥ ಮುಖ ಇದ್ದಕ್ಕಿದ್ದಂತೆ ಮುದುಡಿತು. ಹುಬ್ಬು ಗಂಟಿಕ್ಕಿತು. ಮಂಡಿ ಮೇಲಕ್ಕೆ ಬಂತು. ಕೈ ಹೊದಿಕೆಯನ್ನು ಹಿಂಡತೊಡಗಿತು. ಬಾಯಿ ತೆರೆದಿತ್ತು, ಸದ್ದು ಮಾತ್ರ ಇಲ್ಲ. ಕಣ್ಣೀರು ಕಿವಿಯೊಳಕ್ಕೆ ಇಳಿಯುತ್ತಿತ್ತು. ನಮ್ಮಕ್ಕ ಬಗ್ಗಿ, ಸೆರಗಿನಲ್ಲಿ ಅದನ್ನು ಒರೆಸುತ್ತಾ, ಬಾಗಿಲ ಕಡೆ ಬೆರಳು ತೋರಿಸಿದಳು. ಐಸಿಯು ಬಾಗಿಲು ಅರ್ಧ ತೆರೆದಿತ್ತು. ನಮ್ಮಕ್ಕನ ಪಿಸುಮಾತು ನಿಮ್ಮ ನಮ್ಮ ಮಾತಿನಷ್ಟು ದಪ್ಪ. "ಶ್ ಶ್! ಅಳ್ಬ್ಯಾಡ ಕನವ್ವ. ಸಿಸ್ಟರು ಕೇಳುಸ್ಕಂಡ್ರೆ ಬಂದು ಸೂಜಿ ಚುಚ್ಬುಡ್ತಾರೆ!"



ಕೀರ್ತನಾಳ ಕಣ್ಣು ತುಂಬಿಬಿಟ್ಟಿತ್ತು. "ನನ್ನ ಕಂಡು ನೋವು ನುಂಗ್ಕೊತಾ ಇತ್ತಾ ಮೇಡಂ ಅದು? ನಾನೇನ್ ಮಾಡಿದ್ದೆ ಅದಕ್ಕೆ?"

"ನೀನೇನೂ ಮಾಡಿಲ್ಲ. ನಿನ್ನ ಹೆಸರಲ್ಲಿ ಇಡೀ ತಾಲ್ಲೂಕು ಮಾಡಿದೆ," ಅಂದರು ಶಮೀಮ್ ಸಿಸ್ಟರ್.

ನಿಜ ತಾನೇ? ಎದೆ ಮುಟ್ಟಿಕೊಂಡು ಹೇಳಿ. ಮಕ್ಕಳನ್ನು ಹೆದರಿಸಲು ಹಿಂದೆ ನಮಗೆ ಗುಮ್ಮ ಇದ್ದ. ಪಾಪ, ಅವನಿಗೆ ವಯಸ್ಸಾಯಿತು. ಟಿವಿ ನೋಡಿ ಬೆಳೆದ ಮಕ್ಕಳು ಗುಮ್ಮನಿಗೆ ಸೊಪ್ಪು ಹಾಕುವುದಿಲ್ಲ. ಆ ಖಾಲಿ ಕುರ್ಚಿಗೆ ನಾವು ತಂದು ಕೂರಿಸಿದ್ದು ಯಾರನ್ನು? ನರ್ಸಮ್ಮನನ್ನು! ಊಟ ಮಾಡದಿದ್ದರೆ ಸೂಜಿ, ಮಲಗದಿದ್ದರೆ ಸೂಜಿ, ಬಸ್ಸಿನಲ್ಲಿ ಕಿಟಕಿ ಸೀಟಿಗೆ ಹಟ ಮಾಡಿದರೂ ಸೂಜಿ. ಹೀಗೆ ವರ್ಷಗಟ್ಟಲೆ ಹೆದರಿಸಿ, ಒಂದು ದಿನ ಅದೇ ನರ್ಸಮ್ಮನ ಕೈಗೆ ಮಗುವನ್ನು ಕೊಟ್ಟು, "ನೋವಿದ್ರೆ ಸಿಸ್ಟರಿಗೆ ಹೇಳು ಪುಟ್ಟಾ" ಅಂದರೆ ಅದು ಹೇಳುತ್ತದೆಯೇ? ನೀವಾಗಿದ್ದರೆ ಹೇಳುತ್ತಿದ್ದಿರಾ?

ನೋವಿನ ವಿಷಯದಲ್ಲಿ ನಾವು ಮಕ್ಕಳಿಗೆ ಹೇಳುವುದೆಲ್ಲ ಇಂಥದ್ದೇ. ಮಗು ಬಿದ್ದರೆ ಮಂಡಿ ನೋಡುವ ಮೊದಲು "ಇರುವೆ ಸತ್ತೋಯ್ತು ನೋಡು" ಅಂತೀವಿ. (ಯಾವ ಇರುವೆ? ಇವತ್ತಿನವರೆಗೆ ಒಂದರ ಹೆಣವನ್ನೂ ನಾನು ಕಂಡಿಲ್ಲ.) ಇಲ್ಲವೇ ನೆಲಕ್ಕೆ ನಾಲ್ಕು ಬಾರಿಸಿ ನ್ಯಾಯ ಕೊಡಿಸುತ್ತೇವೆ. ಗಂಡುಮಗುವಾದರೆ "ಹೆಣ್ಣಿಗನ ಹಂಗೆ ಅಳ್ತೀಯಲ್ಲೋ" ಅಂತ ಬಾಯಿ ಮುಚ್ಚಿಸುತ್ತೇವೆ. ಎಲ್ಲವೂ ಪ್ರೀತಿಯಿಂದಲೇ, ಒಪ್ಪಿದೆ. ಆದರೆ ಎಲ್ಲಿ ನೋಯುತ್ತಿದೆ, ಎಷ್ಟು ನೋಯುತ್ತಿದೆ ಅಂತ ಕೇಳುವುದನ್ನೇ ಮರೆತಿರುತ್ತೇವೆ.

ಸರಿ, ಈಗ ನಮ್ಮಕ್ಕನಿಗೆ ಹೇಳುವವರು ಯಾರು? ಹುಲಿಯ ಕೊರಳಿಗೆ ಗಂಟೆ ಕಟ್ಟುವ ಕೆಲಸ ಅದು. ಶಮೀಮ್ ಸಿಸ್ಟರ್ ಕಾರಿಡಾರಿಗೆ ಕರೆದರು. ನಾನು ಬೇಕೆಂದೇ ಎರಡು ಹೆಜ್ಜೆ ಹಿಂದೆ ನಿಂತೆ.

ಅಂದುಕೊಂಡ ಹಾಗೆಯೇ ಸಿಡಿದಳು. "ನಾನೂ ಮಕ್ಳ ಸಾಕಿವ್ನಿ ಸಿಸ್ಟ್ರೇ, ಮರದಿಂದ ಉದುರ್ದೋವಲ್ಲ ಅವು. ಅತ್ರೆ ವೊಲ್ಗೆ ಬಿಚ್ಕಳಾಕಿಲ್ವಾ? ನೋವಿನ್ ಔಸ್ತಿ ಜಾಸ್ತಿ ಕೊಟ್ರೆ ಗಾಯ ಮಾಯಾಕಿಲ್ಲ ಅಂತಾರೆ. ತಡ್ಕಬೇಕು. ತಡ್ಕಳಾದ್ ಕಲೀಬೇಕು ಎಣ್ಮಕ್ಳು!"

ಸಿಸ್ಟರ್ ಬೈಯಲಿಲ್ಲ. ನಕ್ಕರು. "ನಮ್ಮ ಅಮ್ಮೀನೂ ಇಂಗೇ ಕಣಮ್ಮ. ಚಿಕ್ಕೋಳಾಗಿದ್ದಾಗ ನಾನು ಹಟ ಮಾಡಿದ್ರೆ, 'ಸೂಯಿವಾಲಿ ಬತ್ತಾಳೆ, ತಡಿ' ಅನ್ನೋರು. ಸೂಜಿಯೋಳು ಅಂತ. ಕೊನೆಗೆ ನೋಡಿ, ನಾನೇ ಆ ಸೂಯಿವಾಲಿ ಆದೆ!"

ಅಕ್ಕನಿಗೂ ನಗು ಬಂದುಬಿಟ್ಟಿತು. ಆ ನಗು ಆರುವ ಮೊದಲೇ ಸಿಸ್ಟರ್ ಮಾತು ಮುಂದುವರಿಸಿದರು. "ಆದ್ರೆ ಅಮ್ಮ, ಕೇಳಿ. ನೋವು ತಡ್ಕೊಳಕ್ಕೆ ಮಗು ಉಸಿರು ಬಿಗಿ ಹಿಡಿದಿದೆ. ಉಸಿರೆಳೆದ್ರೆ ಹೊಲಿಗೆ ಜಗ್ಗತ್ತೆ, ಕೆಮ್ಮಿದ್ರೆ ಪ್ರಾಣ ಹೋಗತ್ತೆ. ಅದಕ್ಕೇ ಕೆಮ್ತಾ ಇಲ್ಲ. ಕೆಮ್ಮದಿದ್ರೆ ಕಫ ಕಟ್ಟತ್ತೆ. ನೋವಿಗೆ ಔಷಧಿ ಕೊಟ್ರೆ ಗಾಯ ಮಾಯೋದು ನಿಧಾನ ಆಗಲ್ಲ, ಬೇಗ ಚೇತರಿಸ್ಕೊತಾಳೆ. ಇಂಗೇ ತಡ್ಕೊಂಡ್ರೆ ಮಾತ್ರ ಮತ್ತೆ ಆ ಪೈಪು ಹಾಕ್ಬೇಕಾಗತ್ತೆ."

ಪೈಪು ಅಂದ ತಕ್ಷಣ ಅಕ್ಕ ಐಸಿಯು ಬಾಗಿಲ ಕಡೆ ತಿರುಗಿದಳು. ಆ ಮಿಷನ್ನು ಉಸಿರು ತುಂಬಿದಾಗಲೆಲ್ಲ ಮೊಮ್ಮಗಳ ಎದೆ ಎದ್ದು ಬೀಳುವುದನ್ನು ಕೂತು ನೋಡಿದ್ದವಳು ಅವಳೇ. ಅಂಥ ಗಂಟಲಿನಿಂದ ಎಷ್ಟು ಸಣ್ಣ ದನಿ ಬಂತು ಗೊತ್ತೇ? "ಅಂಗಾರೆ ನಾನೇ ನನ್ ಮಗೀನ ಬಾಯಿ ಕಟ್ಬುಟ್ನಾ ಸಿಸ್ಟ್ರೇ?"

"ನೀವು ಕಟ್ಟಿದ್ದು, ನೀವೇ ಬಿಚ್ಬೇಕು. ನಾವು ಹೇಳಿದ್ರೆ ನಂಬಲ್ಲ ಅದು."

ನಮ್ಮಕ್ಕ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಭಾವ ಬದುಕಿದ್ದಾಗ ಅವರೂ ಕಂಡಿರಲಿಲ್ಲ, ಪಾಪ. ಅಂಥವಳು ನಾಲ್ಕು ವರ್ಷದ ಮಗುವಿನ ಹಾಸಿಗೆಗೆ ಹಣೆ ತಾಗಿಸುವ ಹಾಗೆ ಬಗ್ಗಿ ಹೇಳಿದಳು. "ಅವ್ವ, ಅಜ್ಜಿ ಸುಳ್ಳ್ ಯೋಳ್ಬುಟ್ಟೆ ಕನವ್ವ. ಅತ್ರೆ ಸಿಸ್ಟರು ಸೂಜಿ ಚುಚ್ಚಾಕಿಲ್ಲ. ನೋವಾದ್ರೆ ಯೋಳ್ಬೇಕು. ಯೋಳುದ್ರೇನೇ ಅವ್ರು ವಾಸಿ ಮಾಡಾದು."

ಮನ್ವಿ ನಂಬಬೇಕಲ್ಲ! ಅವಳ ಕಣ್ಣು ಕೀರ್ತನಾಳ ಕೈಯ ಮೇಲೆ. ಕೀರ್ತನಾಗೆ ಅದು ಅರ್ಥವಾಯಿತು. ಎರಡೂ ಕೈ ಬಿಚ್ಚಿ, ತಿರುಗಿಸಿ ತೋರಿಸಿದಳು. ಜೇಬಿನಲ್ಲಿದ್ದದ್ದನ್ನೆಲ್ಲ ಹಾಸಿಗೆಯ ಮೇಲೆ ಹರಡಿದಳು. ಒಂದು ಪೆನ್ನು, ಒಂದು ಟೇಪು, ಒಂದು ಹೇರ್ ಕ್ಲಿಪ್ಪು.

ಪೈಪು ತೆಗೆದ ಮೇಲೆ ಮೊದಲ ಬಾರಿಗೆ ನಮ್ಮ ಮಗುವಿನ ದನಿ ಕೇಳಿಸಿತು. ಒಡೆದ ದನಿ. "ಇನ್ನೊಂದ್ ಜೋಬು?"

ಕೀರ್ತನಾ ಇನ್ನೊಂದು ಜೇಬನ್ನೂ ಹೊರಕ್ಕೆಳೆದು ತೋರಿಸಿದಳು. ಖಾಲಿ. ಮನ್ವಿ ನೋಡಿದಳು. ಅಜ್ಜಿಯ ಮುಖ ನೋಡಿದಳು. ಅಜ್ಜಿ ಹೂಂ ಅಂದಳು. "ವೊಟ್ಟೆ ನೋಯ್ತದೆ" ಅಂದವಳೇ ಗೋಳೋ ಅಂತ ಅತ್ತಳು ನೋಡಿ, ಅಬ್ಬಬ್ಬಾ! ಹೊರಗೆ ಕೂಸನ್ನು ಎತ್ತಿಕೊಂಡು ನಿಂತಿದ್ದ ಲತಾ ಅದನ್ನು ಕೇಳಿ, ಏನೋ ಆಗಿಹೋಯಿತು ಅಂತ ಓಡಿ ಬಂದಳು. ಏನೂ ಆಗಿಲ್ಲ ಕಣೇ, ನಿನ್ನ ಮಗಳು ಅಳ್ತಾ ಇದ್ದಾಳೆ ಅಂತ ನಾನು ಹಲ್ಲು ಕಿರಿದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದಳು.

ಈಗ ಮಾರ್ಕ್ಸ್ ಹಾಕಿ ಅಂದರು ಶಮೀಮ್ ಸಿಸ್ಟರ್. ಸೊನ್ನೆ ಎಂಟಕ್ಕೆ ಏರಿತ್ತು. ಡ್ಯೂಟಿ ಡಾಕ್ಟರು ಬಂದು ಔಷಧಿ ಬರೆದರು. ಕೈಯಲ್ಲಿ ಮೊದಲೇ ಇದ್ದ ಡ್ರಿಪ್ಪಿನ ಪೈಪಿನಲ್ಲೇ ಅದು ಒಳಗೆ ಹೋಯಿತು. ಸೂಜಿಯ ಸುದ್ದಿಯೇ ಇಲ್ಲ. ಸ್ವಲ್ಪ ಹೊತ್ತಿಗೆ ಮಂಡಿ ಕೆಳಗಿಳಿಯಿತು, ಮುಷ್ಟಿ ಬಿಚ್ಚಿತು. ಕೀರ್ತನಾ ತಾನಾಗಿ ಮತ್ತೆ ಬಂದು ನೋಡಿದಳು. (ಔಷಧಿ ಕೊಟ್ಟು ಹೋಗಿಬಿಡುವುದಲ್ಲ, ಕೆಲಸ ಮಾಡಿತೇ ಅಂತ ಬಂದು ನೋಡಬೇಕು. ಇದೂ ಪಾಠವೇ.) ಸಂಜೆಗೆ ಒಂದು ಗಿರಗಿಟ್ಟಲೆ ತಂದು ಊದು ಅಂದರು. ಮನ್ವಿ ಊದಿದಳು. ಊದಿ ಕೆಮ್ಮಿದಳು. ಆ ಕೆಮ್ಮು ಕೇಳಿ ಡಾಕ್ಟರು "ಭೇಷ್" ಅಂದರು. ಮಿಷನ್ನಿನ ಮಾತು ಮತ್ತೆ ಬರಲಿಲ್ಲ.

ಒಂದು ಮಗು ಅತ್ತ ಕಥೆ ಹೇಳಿ ಮುಗಿಸುವವಳಲ್ಲ ನಾನು. ನನ್ನ ಗಮನ ಇದ್ದದ್ದು ಕೀರ್ತನಾಳ ಮೇಲೆ. ಮಾರನೆಯ ದಿನ ಪಕ್ಕದ ಹಾಸಿಗೆಯಲ್ಲಿ, ಇನ್ನೂ ಮಿಷನ್ನಿನಲ್ಲಿದ್ದ ಒಂದು ಎಳೆಮಗು. ಗಂಟಲಲ್ಲಿ ಪೈಪು ಇರುವ ಮಗುವಿನ ಅಳು ಹೊರಗೆ ಕೇಳುವುದೇ ಇಲ್ಲ. ನಾವು ನೋಡಿದರೆ ನೆಮ್ಮದಿಯಾಗಿ ಮಲಗಿದೆ ಅಂತಲೇ ಅನ್ನುತ್ತಿದ್ದೆವು. ಕೀರ್ತನಾ ನಿಂತಳು. ಹುಬ್ಬು ನೋಡಿದಳು, ಬಿಗಿದ ಬೆರಳು ನೋಡಿದಳು, ಪಲ್ಸ್ ನೋಡಿದಳು. ಮೆಲ್ಲಗೆ ತಟ್ಟಿ, ಮಗು ಸಡಿಲವಾಗುತ್ತದೆಯೇ ಅಂತ ಕಾದಳು. ಆಗಲಿಲ್ಲ. "ಸರ್, ಈ ಮಗೂಗೆ ನೋವಿದೆ," ಅಂತ ಡಾಕ್ಟರನ್ನು ಕರೆದಳು. ಅನುಮಾನದ ದನಿಯಲ್ಲಲ್ಲ, ಗಟ್ಟಿಯಾಗಿ. ಡಾಕ್ಟರು ಬಂದರು, ನೋಡಿದರು, ಹೌದು ಅಂದರು.

ಹಿಂದಿನ ದಿನ ಸೊನ್ನೆ ಹಾಕಿದ್ದ ಹುಡುಗಿ ಇವಳೇ. ಕರುಣೆ ಅವಳಿಗೆ ಆಗಲೂ ಇತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಆದರೆ ನೋವು ಗುರುತಿಸಲು ಕರುಣೆಯೊಂದೇ ಸಾಲದು, ಹೇಗೆ ನೋಡಬೇಕು ಅಂತ ಯಾರಾದರೂ ಹೇಳಿಕೊಡಬೇಕು. ಹೇಳಿಕೊಟ್ಟರೆ ಬರುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಲಕ್ಷಗಟ್ಟಲೆ ಬೆಲೆಯ ಮಿಷನ್ ಬಂದರೆ ರಿಬ್ಬನ್ ಕತ್ತರಿಸಲು ನಮ್ಮಲ್ಲಿ ನೂಕುನುಗ್ಗಲು. ಇಂಥ ಪಾಠಕ್ಕೆ ರಿಬ್ಬನ್ ಇಲ್ಲ, ಫೋಟೋ ಇಲ್ಲ. ಹಾಗಂತ ಅದು ಚಿಕ್ಕದೇ? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲೆಲ್ಲಿ ಮಕ್ಕಳ ಮೈ ಮುಟ್ಟುವ ನರ್ಸ್ ಇದ್ದಾಳೋ ಅಲ್ಲೆಲ್ಲ ಈ ಪಾಠ ನಡೆಯಬೇಕು. ಪೂರ್ತಿ ಸಂಬಳದ ದಿನವೆಂದು ಲೆಕ್ಕ ಹಾಕಿ, ಡ್ಯೂಟಿಯ ಹೊತ್ತಿನಲ್ಲೇ ನಡೆಯಬೇಕು. ನೈಟ್ ಡ್ಯೂಟಿ ಮುಗಿಸಿ ತೂಕಡಿಸುವವರನ್ನು ಕೂರಿಸಿ, ಪ್ರೊಜೆಕ್ಟರ್ ಹಾಕಿ ಓದಿ ಹೇಳಿದರೆ ಏನು ಬಂತು? "ಮಕ್ಕಳು ಸುಮ್ಮಸುಮ್ಮನೆಯೂ ಅಳ್ತಾವೆ ಮೇಡಂ, ಹಸಿವಿಗೂ ಅಳ್ತಾವೆ" ಅನ್ನುವವರಿದ್ದಾರೆ. ಹೌದಪ್ಪಾ, ಅಳುತ್ತವೆ. ಯಾವುದು ಹಸಿವು, ಯಾವುದು ಹೆದರಿಕೆ, ಯಾವುದು ನೋವು ಅಂತ ಬೇರೆ ಮಾಡಲು ಕಲಿಸುವುದಕ್ಕೇ ಟ್ರೇನಿಂಗ್ ಅನ್ನುವುದು.

ನರ್ಸ್‌ಗಳು ಕಲಿಯುತ್ತಾರೆ, ಆ ನಂಬಿಕೆ ನನಗಿದೆ. ನಾವು? ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಅಂತ ಗಾದೆ ಮಾಡಿಟ್ಟುಕೊಂಡವರೂ ನಾವೇ, ಅಳದ ಮಗುವನ್ನು ಹೊಗಳುವವರೂ ನಾವೇ.

ಮನ್ವಿ ಮನೆಗೆ ಬಂದಿದ್ದಾಳೆ. ಕಳೆದ ಭಾನುವಾರ ನೋಡಲು ಹೋಗಿದ್ದೆ. ಜಗುಲಿಯಲ್ಲಿ ಕೂತು ಹೊಲಿಗೆಯ ಗುರುತನ್ನು ಬಂದವರಿಗೆಲ್ಲ ಲಂಗ ಸರಿಸಿ ತೋರಿಸುತ್ತಿದ್ದಳು. ಬ್ರೆಡ್ಡು, ಮೂಸಂಬಿ ಹಿಡಿದು ಬಂದ ಪಕ್ಕದ ಬೀದಿಯ ಒಬ್ಬಾಕೆ, ಇಂಥ ಹೊತ್ತಿನಲ್ಲಿ ಎಲ್ಲರೂ ಆಡುವ ಮಾತನ್ನೇ ಆಡಿದಳು. "ಅಂಥಾ ಆಪರೇಸನ್ ಆದ್ರೂ ಒಂಚೂರೂ ಅಳ್ನಿಲ್ವಂತಲ್ಲ ಜಯಕ್ಕ, ಭಾರಿ ಗಟ್ಟಿ ಮಗ ಬುಡು."

ನಮ್ಮಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಆ ಹಳೆಯ ಗಂಟಲು ಪೂರ್ತಿಯಾಗಿ ವಾಪಸು ಬಂದಿತ್ತು.

"ಯಾವಳೇ ಅಂಗಂದೋಳು? ಆಸ್ಪತ್ರೆ ಕಿತ್ತೋಗಂಗೆ ಅತ್ತದೆ ನಮ್ ಮಗ. ಅತ್ತಿದ್ಕೇ ಕನೇ ಇವತ್ತು ಇಲ್ಲಿ ಕುಂತಿರಾದು!"